ಸೈಟು ಅಂದರೆ ಯಾವ ಸೈಟು?

ಕರ್ನಾಟಕದಲ್ಲಿ ಸೈಟು ಅಂದರೆ ಮನೆ ಕಟ್ಟುವ ನೆಲ. ಬೆಂಗಳೂರಿನಲ್ಲಂತೂ ಮೂವತ್ತಕ್ಕೆ ನಲವತ್ತರ ಅಳತೆಯೇ ಕಣ್ಣಮುಂದೆ ಬರುತ್ತದೆ. ಬೇರೆ ಕಡೆ ಅದೇ ಪದಕ್ಕೆ ವೆಬ್‌ಸೈಟ್ ಎಂಬ ಅರ್ಥ, ಇಲ್ಲವೇ ಕಟ್ಟಡ ಏಳುತ್ತಿರುವ ಜಾಗ. ಪದದ ಅರ್ಥ ಕಟ್ಟಿಕೊಂಡು ವ್ಯಾಪಾರಕ್ಕೇನು ಎನ್ನುವವರು, 'ಸೈಟ್' ಎಂಬ ಒಂದೇ ಪದವನ್ನು ನಂಬಿ ಗೂಗಲ್‌ನಲ್ಲಿ ಜಾಹೀರಾತು ಹಾಕಿದ ಏಜೆಂಟನ ಬಿಲ್ಲು ನೋಡಬೇಕು. ವೆಬ್‌ಸೈಟ್ ಮಾಡಿಸಬೇಕೆಂದವನು, ಸೈಟ್ ಎಂಜಿನಿಯರ್ ಕೆಲಸ ಹುಡುಕುವವನು, ಸುಮ್ಮನೆ ರೇಟು ತಿಳಿಯಬೇಕೆಂದವನು ಎಲ್ಲರೂ ಒಮ್ಮೆ ಒತ್ತಿ ಹೋಗಿರುತ್ತಾರೆ. ಒತ್ತಿದ್ದಕ್ಕೆಲ್ಲ ಲೆಕ್ಕ ಬಿದ್ದಿರುತ್ತದೆ.

ಕ್ಲಿಕ್ಕಿಗೆ ಇಷ್ಟು ಎಂದು ದುಡ್ಡು ವಸೂಲು ಮಾಡುವ ಪದ್ಧತಿಯನ್ನು ದೊಡ್ಡ ವ್ಯಾಪಾರವಾಗಿಸಿದ್ದು ಅಮೆರಿಕದ ಬಿಲ್ ಗ್ರಾಸ್. 1998ರಲ್ಲಿ ಅವರ ಗೋಟು ಡಾಟ್ ಕಾಮ್ ಹುಡುಕುವ ಪದಗಳನ್ನೇ ಹರಾಜಿಗಿಟ್ಟಿತು. ಹೆಚ್ಚು ಕೂಗಿದವನ ಹೆಸರು ಮೇಲೆ. ಗೂಗಲ್ 2000ದಲ್ಲಿ ಜಾಹೀರಾತು ಶುರುಮಾಡಿದಾಗ ತೋರಿಸಿದ್ದಕ್ಕೆಲ್ಲ ಕಾಸು ಪಡೆಯುತ್ತಿತ್ತು. 2002ರಲ್ಲಿ ಅದೂ ಕ್ಲಿಕ್ಕಿನ ಹರಾಜಿಗೆ ಬಂತು, ಆದರೆ ಒಂದು ಷರತ್ತು ಸೇರಿಸಿಕೊಂಡು: ಎಷ್ಟು ಕೂಗಿದೆ ಎಂಬುದರ ಜೊತೆಗೆ ಜನ ನಿನ್ನ ಜಾಹೀರಾತನ್ನು ಒತ್ತುತ್ತಾರೋ ಇಲ್ಲವೋ ಎಂಬುದೂ ಲೆಕ್ಕಕ್ಕೆ.

ಸಣ್ಣ ಏಜೆಂಟನ ಜೀವ ಉಳಿದಿರುವುದು ಈ ಷರತ್ತಿನಲ್ಲೇ. ಈಗ ಲೆಕ್ಕಕ್ಕೆ ಇನ್ನೂ ಹಲವು ಅಂಶ ಸೇರಿವೆಯಾದರೂ ಮೂಲಸೂತ್ರ ಸರಳ. ದೊಡ್ಡ ಬಿಲ್ಡರ್ ಒಂದು ಕ್ಲಿಕ್ಕಿಗೆ 80 ರೂಪಾಯಿ ಕೂಗಿ, ಅವನ ಜಾಹೀರಾತಿನ ಗುಣಕ್ಕೆ ಹತ್ತಕ್ಕೆ 4 ಅಂಕ ಬಂದರೆ ಗುಣಿಸಿದಾಗ 320. ಏಜೆಂಟ್ 50 ರೂಪಾಯಿ ಕೂಗಿ 8 ಅಂಕ ಪಡೆದರೆ 400. ಮೇಲಿನ ಜಾಗ ಏಜೆಂಟನದು. ಅವನು ಕಟ್ಟುವುದು ತಾನು ಕೂಗಿದ 50 ಕೂಡ ಅಲ್ಲ; ಎದುರಾಳಿಯ 320ನ್ನು ಹಿಂದೆ ಹಾಕಲು ಬೇಕಾದಷ್ಟು, ಅಂದರೆ 40ಕ್ಕೆ ಒಂದಿಷ್ಟು ಚಿಲ್ಲರೆ. ಗೆದ್ದವನು ಎರಡನೆಯವನ ಬೆಲೆ ಕೊಡುವ ಇಂಥ ಹರಾಜನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ವಿವರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ಅವರು ತೀರಿಕೊಂಡರು.

ಹಾಗಾದರೆ ಅಂಕ ಎಲ್ಲಿಂದ ಬರಬೇಕು? ಪದದಿಂದ. 'ಫ್ಲ್ಯಾಟ್ಸ್ ಇನ್ ಬ್ಯಾಂಗಳೂರ್' ಎಂಬ ಪದಕ್ಕೆ ಕೈ ಹಾಕುವುದು ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಡಾಟ್ ಕಾಮ್‌ಗಳ ಜೊತೆ ಕುಸ್ತಿಗಿಳಿದಂತೆ. ಏಜೆಂಟ್ ಗೆಲ್ಲಬಹುದಾದ ಕಣ ಬೇರೆ: ಬನಶಂಕರಿ 6ನೇ ಹಂತ, ಈಸ್ಟ್ ಫೇಸಿಂಗ್, 30×40, ಎ ಖಾತಾ. ಹೀಗೆ ಹುಡುಕುವವರ ಸಂಖ್ಯೆ ಕಡಿಮೆ. ಆದರೆ ಇಷ್ಟು ಉದ್ದ ಟೈಪ್ ಮಾಡುವವನು ವಾಸ್ತು ಕೇಳಿಸಿಕೊಂಡು, ಬ್ಯಾಂಕಿನಲ್ಲಿ ಸಾಲ ವಿಚಾರಿಸಿಕೊಂಡು, ಬಹುಶಃ ಹೆಂಡತಿಯ ಜೊತೆ ಒಂದೆರಡು ಭಾನುವಾರ ಸುತ್ತಾಡಿಯೂ ಬಂದಿರುತ್ತಾನೆ. ಬಿಡಿಎ ಬಡಾವಣೆಗೂ ರೆವಿನ್ಯೂ ಸೈಟಿಗೂ ವ್ಯತ್ಯಾಸ ಏನು, ಬಿ ಖಾತಾ ಅಂದಕೂಡಲೇ ಬ್ಯಾಂಕಿನವರ ಮುಖ ಏಕೆ ಸಪ್ಪಗಾಗುತ್ತದೆ ಎಂಬುದು ಏಜೆಂಟನಿಗೆ ಬಾಯಿಪಾಠ. ಜಾಹೀರಾತು ಏಜೆನ್ಸಿಯ ಹುಡುಗನಿಗೆ ಅದು ಗೊತ್ತಿರಬೇಕೆಂದಿಲ್ಲ. ಪದಗಳ ಪಟ್ಟಿಯನ್ನು ಪೂರ್ತಿ ಆ ಹುಡುಗನ ಕೈಗೆ ಕೊಟ್ಟು ಕೂರುವುದು ಈ ದಂಧೆಯ ಮೊದಲ ಎಡವಟ್ಟು.

ಕೊಳ್ಳಬಾರದ ಪದಗಳ ಪಟ್ಟಿ ಇನ್ನೂ ಮುಖ್ಯ. ಗೂಗಲ್ ಖಾತೆಯಲ್ಲಿ, ಜನ ನಿಜವಾಗಿ ಏನು ಟೈಪ್ ಮಾಡಿ ಬಂದರು ಎಂದು ತೋರಿಸುವ ಸರ್ಚ್ ಟರ್ಮ್ಸ್ ಎಂಬ ವರದಿಯೊಂದಿದೆ. ಬೇಡವಾದ ಪದಗಳನ್ನು 'ನೆಗೆಟಿವ್' ಎಂದು ಗುರುತು ಹಾಕಿದರೆ ಅಂಥ ಹುಡುಕಾಟಕ್ಕೆ ಜಾಹೀರಾತು ಕಾಣಿಸುವುದಿಲ್ಲ. ಬಾಡಿಗೆ, ಲೀಸು, ಪಿಜಿ, ಸಂಬಳ, ಗೈಡೆನ್ಸ್ ವ್ಯಾಲ್ಯೂ ಇವೆಲ್ಲ ಮೊದಲ ದಿನವೇ ಆಚೆ ಹೋಗಬೇಕು. ಖಾತಾ ವರ್ಗಾವಣೆ, ಇ-ಖಾತಾ ಡೌನ್‌ಲೋಡ್ ಎಂದು ಹುಡುಕುವವನು ಸೈಟು ಇರುವವನು, ಸೈಟು ಬೇಕಾದವನಲ್ಲ. ಅವನೂ ಹೊರಗೆ.

ತೋಟದ ಜಮೀನಿನ ಜಾಹೀರಾತಿನಲ್ಲಿ ಇನ್ನೊಂದು ಗುಂಡಿ ಇದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಫಾರ್ಮ್ ಪ್ಲಾಟುಗಳ ಜಾಹೀರಾತಿಗೆ ಇದರಿಂದ ಹುರುಪು ಬಂತು. ಆದರೆ ವಿದೇಶಿ ವಿನಿಮಯದ ನಿಯಮದಂತೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಗೂಗಲ್‌ನ ಸ್ಥಳದ ಆಯ್ಕೆ ಮಾತ್ರ, ನಾವಾಗಿ ಬದಲಿಸದಿದ್ದರೆ, ಊರಿನಲ್ಲಿ ಇರುವವರಿಗಷ್ಟೇ ಅಲ್ಲ, ಆ ಊರಿನ ಬಗ್ಗೆ 'ಆಸಕ್ತಿ' ಇರುವವರಿಗೂ ಜಾಹೀರಾತು ತೋರಿಸುತ್ತದೆ. ದುಬೈನಲ್ಲಿ ಕೂತು ಸಕಲೇಶಪುರದ ಕಾಫಿ ಎಸ್ಟೇಟಿನ ಕನಸು ಕಾಣುವ ಕನ್ನಡಿಗನ ಒಂದೊಂದು ಕ್ಲಿಕ್ಕೂ ಏಜೆಂಟನ ಜೇಬಿನಿಂದಲೇ. ಅಪಾರ್ಟ್‌ಮೆಂಟ್ ಮಾರುವವನಿಗಾದರೆ ಅದೇ ದುಬೈನವನು ಒಳ್ಳೆಯ ಗಿರಾಕಿ. ಎರಡಕ್ಕೂ ಒಂದೇ ಕ್ಯಾಂಪೇನ್ ನಡೆಸುವವರಿಗೆ ಏನು ಹೇಳುವುದು!

ಇನ್ನು ರೇರಾ. ರಿಯಲ್ ಎಸ್ಟೇಟ್ ನಿಯಂತ್ರಣದ ಈ 2016ರ ಕಾಯ್ದೆಯ ಪ್ರಕಾರ ಏಜೆಂಟನೂ ನೋಂದಾಯಿಸಿಕೊಂಡಿರಬೇಕು. ನೋಂದಣಿ ಬೇಕಾದ ಯೋಜನೆ ನೋಂದಣಿಯಾಗದೆ ಇದ್ದರೆ ಅದನ್ನು ಮಾರಿಸಿಕೊಡುವಂತಿಲ್ಲ. ಜಾಹೀರಾತು ಒತ್ತಿದಾಗ ತೆರೆದುಕೊಳ್ಳುವ ಪುಟದಲ್ಲಿ ನೋಂದಣಿ ಸಂಖ್ಯೆ ಎದ್ದು ಕಾಣಲಿ. ಕಾನೂನಿಗೂ ಒಳ್ಳೆಯದು, ಪಾರ್ಟಿಯ ನಂಬಿಕೆಗೂ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಸೋರುವುದು ಎಣಿಕೆಯಲ್ಲಿ. ಒಂದು ಲೆಕ್ಕ ಹಾಕೋಣ. ಕ್ಲಿಕ್ಕಿಗೆ 40 ರೂಪಾಯಿಯಂತೆ ನೂರು ಕ್ಲಿಕ್ಕಿಗೆ 4,000. ಐದು ಜನ ಫಾರ್ಮ್ ತುಂಬಿ, ಅವರಲ್ಲಿ ಒಬ್ಬ ಸೈಟು ನೋಡಲು ಬಂದ, ಹಾಗೆ ಬಂದ ಹತ್ತು ಜನರಲ್ಲಿ ಒಬ್ಬ ನೋಂದಣಿ ಮಾಡಿಸಿದ ಎಂದಿಟ್ಟುಕೊಳ್ಳಿ. ಒಂದು ವ್ಯವಹಾರಕ್ಕೆ ಜಾಹೀರಾತಿನ ಖರ್ಚು 40,000, ಮೇಲೆ ಶೇ. 18ರ ಜಿಎಸ್‌ಟಿ 7,200. ಅರವತ್ತು ಲಕ್ಷದ ಸೈಟಿಗೆ ಶೇ. 1 ಕಮಿಷನ್ ಸಿಕ್ಕರೆ 60,000. ಉಳಿಯುವುದು 12,800, ಅದರಲ್ಲೇ ಪೆಟ್ರೋಲು, ಆಫೀಸಿನ ಬಾಡಿಗೆ. ಇಷ್ಟಾದರೂ ತಿಂಗಳ ಕೊನೆಗೆ ಏಜೆನ್ಸಿ ಕಳಿಸುವ ವರದಿಯಲ್ಲಿ '50 ಲೀಡ್' ಎಂದು ಹಸಿರು ಬಣ್ಣದಲ್ಲಿ ಹೊಳೆಯುತ್ತಿರುತ್ತದೆ.

ಗೂಗಲ್‌ನ ಯಂತ್ರ ಹೇಳಿದ್ದನ್ನು ಕೇಳುವ ಆಳು. ಫಾರ್ಮ್ ತುಂಬಿದ್ದೇ ಗೆಲುವು ಎಂದು ಹೇಳಿಕೊಟ್ಟರೆ, ಸಿಕ್ಕಸಿಕ್ಕ ಕಡೆ ಫಾರ್ಮ್ ತುಂಬುವವರನ್ನೇ ಹುಡುಕಿ ತರುತ್ತದೆ. ಯಾವ ಕ್ಲಿಕ್ಕಿನಿಂದ ಬಂದವನು ಸೈಟು ನೋಡಿದ, ಯಾರು ಟೋಕನ್ ಅಡ್ವಾನ್ಸ್ ಕೊಟ್ಟ ಎಂಬುದನ್ನು ಏಜೆಂಟ್ ವಾರಕ್ಕೊಮ್ಮೆ ಗೂಗಲ್‌ಗೆ ಮರಳಿ ತುಂಬಿಸಬಹುದು. ಅದಕ್ಕೆ ವ್ಯವಸ್ಥೆ ಇದೆ. ಬೇಸರದ ಕೆಲಸವೇ, ಆದರೆ ಕೂಗುವ ಬೆಲೆಯನ್ನು ಹೆಚ್ಚುಕಡಿಮೆ ಮಾಡುತ್ತ ಕೂರುವುದಕ್ಕಿಂತ ಹೆಚ್ಚು ದುಡ್ಡು ಉಳಿಯುವುದು ಇದರಲ್ಲೇ.

ತನ್ನ ಹೆಸರಿಗೆ ತಾನೇ ದುಡ್ಡು ಕಟ್ಟುವ ಚಟವೊಂದಿದೆ. ಇಬೇ ಕಂಪನಿಗಾಗಿ ದುಡಿದ ಮೂವರು ಅರ್ಥಶಾಸ್ತ್ರಜ್ಞರು ಕಂಪನಿಯ ಹೆಸರಿನ ಮೇಲಿದ್ದ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಜಾಹೀರಾತು ಒತ್ತಿ ಬರುತ್ತಿದ್ದವರಲ್ಲಿ ಬಹುತೇಕ ಎಲ್ಲರೂ ಕೆಳಗಿನ ಪುಕ್ಕಟೆ ಕೊಂಡಿಯನ್ನು ಒತ್ತಿ ಬಂದರು. ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬಡಾವಣೆಯ ಮೂಲೆಯ ತಗಡಿನ ಬೋರ್ಡಿನಲ್ಲಿ ಹೆಸರು ಓದಿಕೊಂಡು ಗೂಗಲ್‌ನಲ್ಲಿ ಹುಡುಕುವವನು ಆಗಲೇ ಆ ಏಜೆಂಟನ ಪಾರ್ಟಿ. ಅವನು ಜಾಹೀರಾತು ಒತ್ತಿ ಬಂದರೆ ಬೋರ್ಡು ಬರೆದವನಿಗೆ ಒಮ್ಮೆ, ಗೂಗಲ್‌ಗೆ ಮತ್ತೊಮ್ಮೆ ದುಡ್ಡು ಕೊಟ್ಟ ಹಾಗೆ. ಪಕ್ಕದ ಬೀದಿಯ ಏಜೆಂಟ್ ಇವನ ಹೆಸರಿನ ಮೇಲೆ ಕೂಗಲು ಶುರುಮಾಡಿದರೆ ಮಾತ್ರ ದಿನಕ್ಕೆ ಐವತ್ತೋ ನೂರೋ ರೂಪಾಯಿ ಅದಕ್ಕೂ ಎತ್ತಿಡಬೇಕಾಗುತ್ತದೆ.