ಗೇಟಿಗೆ ಬಂದ ರೈಲು, ಪಾಠಕ್ಕೆ ಬಾರದ ಹಾದಿ

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಟ್ರೋ ಕೆಂಗೇರಿ ಮುಟ್ಟಿತು. ನಡುವೆ ಜ್ಞಾನಭಾರತಿ ನಿಲ್ದಾಣವೂ ಆಯ್ತು. ಒಳ್ಳೇದೇ. ಆದರೆ ಸ್ವಾಮಿ, ನಿಲ್ದಾಣ ಇರೋದು ಮೈಸೂರು ರಸ್ತೆ ಮೇಲೆ. ಸಾವಿರ ಎಕರೆ ಆಸುಪಾಸಿನ ಕ್ಯಾಂಪಸ್ಸಿನಲ್ಲಿ ಪಾಠ ನಡೆಯೋದು ಎಲ್ಲೋ ಒಳಗೆ. ರೈಲಿನಲ್ಲಿ ಉಳಿಸಿದ ಹೊತ್ತು ಬಸ್ಸು, ಆಟೋ ಕಾಯೋದರಲ್ಲೇ ಸೋರಿಹೋಗುತ್ತೆ.

2022ರ ಅಕ್ಟೋಬರ್‌ನಲ್ಲಿ ಕ್ಯಾಂಪಸ್ಸಿನೊಳಗೇ ಬಸ್ಸಿಗೆ ಸಿಕ್ಕ ವಿದ್ಯಾರ್ಥಿನಿಯೊಬ್ಬಳು ಆಮೇಲೆ ತೀರಿಕೊಂಡಳು. ಹೊರಗಿನ ವಾಹನ ತಡೀರಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ನ್ಯಾಯವೇ. ಆದರೆ ಬದಲಿ ದಾರಿ ಕೊಡದೆ ಬರೀ ತಡೆ ಹಾಕಿದರೆ ಆದೀತೇ?

ಒಳಕ್ಕೆ ಹಳಿ ಹಾಕೋಕೆ ಕೋಟಿಗಟ್ಟಲೆ ದುಡ್ಡು, ವರ್ಷಗಟ್ಟಲೆ ಕಾಲ. ಸದ್ಯಕ್ಕೆ ರೈಲಿನ ವೇಳೆಗೆ ಸರಿಯಾಗಿ ಪುಟ್ಟ ಬಸ್ಸುಗಳು ನಿಲ್ದಾಣದಿಂದ ವಿಭಾಗಗಳವರೆಗೆ, ನಿಧಾನವಾಗಿ, ಬಿಡುವಿಲ್ಲದೆ ಸುತ್ತಲಿ. ರೈಲಿನ ಟಿಕೆಟ್ಟೇ ಅದಕ್ಕೂ ನಡೆಯಲಿ. ಹೊಸಿಲವರೆಗೆ ಕರೆತಂದ ನೆಂಟನನ್ನು ಒಳಗೆ ಕರೆಯದಿದ್ದರೆ ಅದೆಂಥಾ ಮರ್ಯಾದೆ?