ಚರಟಕ್ಕೆ ಬೆಂಕಿ, ಬಿಯರ್‌ಗೆ ಹಬೆ

ಬಿಯರ್ ಅಂದ ಕೂಡಲೇ ವಾರ್ಡನ್ ಕಡೆ ನೋಡಬೇಡಿ, ಇದು ಬಾಯ್ಲರ್ ಕಥೆ. ಅಲಾಸ್ಕಾದ ಜುನೋ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗು, ಇಲ್ಲವೇ ವಿಮಾನ. ಅಲ್ಲಿ 1986ರಲ್ಲಿ ಅಲಾಸ್ಕನ್ ಬ್ರೂಯಿಂಗ್ ಕಂಪನಿ ಶುರು ಮಾಡಿದ ದಂಪತಿಯಲ್ಲಿ ಜೆಫ್ ಲಾರ್ಸನ್ ಕೆಮಿಕಲ್ ಎಂಜಿನಿಯರ್. ಬಿಯರ್ ಮಾಡಿ ಉಳಿದ ಬಾರ್ಲಿ ಚರಟವನ್ನು ಬೇರೆ ಊರಲ್ಲಾದ್ರೆ ದನಕ್ಕೆ ಹಾಕ್ತಾರೆ. ಇವರು ಒಣಗಿಸಿ ಹಡಗಿನಲ್ಲಿ ದೂರ ಕಳಿಸಬೇಕಿತ್ತು. ಕೊನೆಗೆ ಅದನ್ನೇ ಸುಡೋ ಬಾಯ್ಲರ್ ಕಟ್ಟಿಸಿದ್ರು. ಮುಂದಿನ ಬಿಯರ್ ಕುದಿಯೋದು ಆ ಹಬೆಯಲ್ಲೇ.

ನನ್ನ ಪ್ರಕಾರ ಇದು ಪರಿಸರ ಪ್ರೇಮಕ್ಕಿಂತ ಸಾಗಣೆ ಬಿಲ್ಲಿನ ಮಹಿಮೆ. ತಪ್ಪೇನಿಲ್ಲ. ನಾವೋ, ಪ್ರಾಜೆಕ್ಟಿಗೆ ‘ಗ್ರೀನ್’ ಅಂತ ಮೊದಲು ಹೆಸರಿಟ್ಟು ಆಮೇಲೆ ಸಮಸ್ಯೆ ಹುಡುಕ್ತೀವಿ. ನಮ್ಮ ಮೆಸ್ಸಿನ ಹಿಂದೆ ದಿನಾ ಬೀಳೋ ಅನ್ನ ಎಷ್ಟು ಕೆಜಿ ಅಂತ ತೂಗಿ ನೋಡಿದೋರು ಯಾರಾದ್ರೂ ಇದ್ದೀರಾ?