ಮದುವೆಗೆ ಎಚ್‌ಐವಿ ಪರೀಕ್ಷೆ ಕಡ್ಡಾಯ ಬೇಡ, ಮೊದಲು ಪರೀಕ್ಷಾ ಕೋಣೆಯ ಬಾಗಿಲು ಬದಲಾಗಲಿ



ಮದುವೆಗೆ ಮುನ್ನ ಎಚ್‌ಐವಿ ಪರೀಕ್ಷೆ ಕಡ್ಡಾಯಗೊಳಿಸುವ ಕಾನೂನಿನ ಬಗ್ಗೆ ಯೋಚಿಸುತ್ತಿರುವುದಾಗಿ ಮೇಘಾಲಯದ ಆಗಿನ ಆರೋಗ್ಯ ಸಚಿವೆ 2025ರ ಜುಲೈನಲ್ಲಿ ಹೇಳಿದ್ದರು. ನಮ್ಮಲ್ಲೂ ಹಾಗೇ ಮಾಡಿ ಎನ್ನುವವರಿದ್ದಾರೆ. ಹೆಣ್ಣು ಹೆತ್ತವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹಿಡಿಯಹೊರಟ ದಾರಿ ತಪ್ಪು.

ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣಿಸದೇ ಇರಬಹುದು. ಖಾತ್ರಿಯಾಗಲು ಮೂರು ತಿಂಗಳವರೆಗೂ ಬೇಕಾಗುತ್ತದೆ. ನಿಶ್ಚಿತಾರ್ಥಕ್ಕೆ ಮುಂಚೆ ತಂದ ‘ನೆಗೆಟಿವ್’ ಚೀಟಿ ಮುಂದಿನ ಸಂಸಾರಕ್ಕೆ ಜಾಮೀನು ನಿಲ್ಲುವುದಿಲ್ಲ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷಿಸಬಾರದು, ಫಲಿತಾಂಶ ಬಯಲು ಮಾಡಬಾರದು ಎಂದು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯೇ ಹೇಳುತ್ತದೆ. ಪರೀಕ್ಷೆಯ ನಂತರ, ಗೊತ್ತಾದ ಸಂಬಂಧ ಮುರಿದುಬಿದ್ದರೆ ಊರವರಿಗೆ ಕಾರಣ ತಿಳಿಯದೇ ಇರುತ್ತದೆಯೇ? ಆಮೇಲೆ ಆ ಹುಡುಗಿಯ ಪಾಡೇನು?

ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಎಲ್ಲರೂ ಮಾಡಿಸಿಕೊಳ್ಳಬೇಕು ಎಂದೇ ನನ್ನ ವಾದ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಇದು ಉಚಿತ. ಆಪ್ತಸಮಾಲೋಚಕರು ಕೂರಿಸಿ ಮಾತಾಡಿದ ಮೇಲೆಯೇ ರಕ್ತ ತೆಗೆಯುವುದು. ಮೊದಲ ಕಿಟ್‌ನಲ್ಲಿ ಸುಳಿವು ಸಿಕ್ಕರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡಿಯೇ ಪಾಸಿಟಿವ್ ಎನ್ನುತ್ತಾರೆ. ಹಿಂದೆಲ್ಲ ರೋಗನಿರೋಧಕ ಸಿಡಿ4 ಕಣಗಳ ಸಂಖ್ಯೆ ಇಳಿಯುವ ತನಕ ಚಿಕಿತ್ಸೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ, ಅದೂ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಗರ್ಭಿಣಿಗೆ ಬೇಗ ತಿಳಿದರೆ ಮಗುವಿಗೆ ತಗುಲದಂತೆ ತಡೆಯಲು ಸಾಧ್ಯ. ಇಷ್ಟೆಲ್ಲ ಇದ್ದೂ ಜನ ಯಾಕೆ ಹೋಗುತ್ತಿಲ್ಲ?

ನಮ್ಮ ಕಡೆಯ ಆಸ್ಪತ್ರೆಯೊಂದರಲ್ಲಿ ಐಸಿಟಿಸಿ ಕೋಣೆಯ ಬಾಗಿಲು ಹೊರರೋಗಿಗಳ ಸಾಲಿಗೆ ಎದುರಾಗಿದೆ. ಬೆಂಚಿನ ಮೇಲಿರುವವರಲ್ಲಿ ಅರ್ಧದಷ್ಟು ಜನ ಪರಿಚಯದವರೇ. ಮುಖಕ್ಕೆ ಸೆರಗು ಎಳೆದುಕೊಂಡ ಹೆಂಗಸೊಬ್ಬರು ಹೊಸ್ತಿಲ ತನಕ ಹೋಗಿ, ಒಳಗಿನಿಂದ ಯಾರದೋ ಹೆಸರು ಕೂಗಿದ್ದು ಕೇಳಿಸಿದ್ದೇ, ಕೈಯಲ್ಲಿದ್ದ ಚೀಟಿ ಮಡಚಿಕೊಂಡು ಹೊರಟುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರನ್ನು ವಾಪಸ್ ಕರೆತರುವ ಶಕ್ತಿ ಯಾವ ಕಡ್ಡಾಯಕ್ಕೂ ಇಲ್ಲ.

ಆರೋಗ್ಯ ಇಲಾಖೆ ಮೊದಲು ಇಂಥ ಕೋಣೆಗಳನ್ನು ಮರೆಗೆ ಸ್ಥಳಾಂತರಿಸಲಿ. ಹೆಸರಿನ ಬದಲು ಟೋಕನ್ ಸಂಖ್ಯೆ ಕರೆಯಲಿ. ಕೂಲಿ ಬಿಟ್ಟು ಬರಲಾಗದವರಿಗಾಗಿ ಸಂಜೆ ಹೊತ್ತೂ ತೆರೆದಿರಲಿ. ಬಿಪಿ, ಶುಗರ್ ನೋಡುವ ಶಿಬಿರಗಳಲ್ಲಿ, ಬೇಕೆಂದವರಿಗೆ ಈ ಪರೀಕ್ಷೆಯೂ ಸಿಗಲಿ. 1097 ಏಡ್ಸ್ ಸಹಾಯವಾಣಿಯ ಸಂಖ್ಯೆ ಡಿಸೆಂಬರ್ 1ರ ಏಡ್ಸ್ ದಿನದ ಜಾಥಾದ ಬ್ಯಾನರಿಗೇ ಮುಗಿಯದೆ ಬಸ್ ನಿಲ್ದಾಣ, ಕಾಲೇಜು, ಗಾರ್ಮೆಂಟ್ಸ್ ಗೇಟುಗಳಲ್ಲಿ ವರ್ಷವಿಡೀ ಕಾಣಲಿ.